ಮೊದಲ ಸಾಲಿನಲ್ಲಿ ಯಾವ ಆಸ್ಪತ್ರೆ?

ನಮ್ಮ ಕಡೆ ಎಂಬಿಬಿಎಸ್ ಮುಗಿಸಿದವರಿಗೆ ರ‍್ಯಾಂಕ್ ಅಂದರೆ ಪರೀಕ್ಷೆ ಕೊಡುವ ಅಂಕೆ. ನೀಟ್ ಪಿ.ಜಿ. ಬರೆದು, ಬಂದ ರ‍್ಯಾಂಕ್ ಹಿಡಿದುಕೊಂಡು ಕೆಇಎ ಆಪ್ಷನ್ ಎಂಟ್ರಿಗೆ ಕೂತರೆ ಮುಂದಿನದೆಲ್ಲ ಆ ಅಂಕೆಯ ಸುತ್ತಲೇ ಸುತ್ತುತ್ತದೆ. ಕಾಲೇಜಿನವರು ನಿಮ್ಮ ಮುಖ ನೋಡಿರುವುದಿಲ್ಲ, ನೀವು ಅವರ ವಾರ್ಡು ನೋಡಿರುವುದಿಲ್ಲ. ಅಮೆರಿಕದಲ್ಲಿ ರೆಸಿಡೆನ್ಸಿಗೆ, ಅಂದರೆ ಅಲ್ಲಿನ ಸ್ನಾತಕೋತ್ತರ ತರಬೇತಿಗೆ, ಹೋಗುವವರ ದಾರಿ ಬೇರೆ. ಸೆಪ್ಟೆಂಬರಿನಲ್ಲಿ ಅರ್ಜಿ, ಅಕ್ಟೋಬರಿನಿಂದ ಜನವರಿಯವರೆಗೆ ಸಂದರ್ಶನಗಳು. ಅವು ಮುಗಿದ ಮೇಲೆ ಅಭ್ಯರ್ಥಿಯೇ ಆಸ್ಪತ್ರೆಗಳಿಗೆ ಒಂದು, ಎರಡು, ಮೂರು ಎಂದು ರ‍್ಯಾಂಕ್ ಕೊಡಬೇಕು. ಆಸ್ಪತ್ರೆಗಳೂ ಅಭ್ಯರ್ಥಿಗಳಿಗೆ ರ‍್ಯಾಂಕ್ ಕೊಡುತ್ತವೆ. ಫೆಬ್ರುವರಿ ಕೊನೆ ಅಥವಾ ಮಾರ್ಚ್ ಮೊದಲ ವಾರದಲ್ಲಿ ಎರಡೂ ಕಡೆಯ ಪಟ್ಟಿಗಳು ಎನ್‌ಆರ್‌ಎಂಪಿ ಎಂಬ ಸಂಸ್ಥೆಯ ಕಂಪ್ಯೂಟರಿಗೆ ಸೇರುತ್ತವೆ. ಮಾರ್ಚ್ ಮೂರನೇ ವಾರ ಫಲಿತಾಂಶ, ಜುಲೈ ಹೊತ್ತಿಗೆ ಡ್ಯೂಟಿ. ಇದಕ್ಕೆ ಎಲ್ಲರೂ ಕರೆಯುವ ಹೆಸರು ‘ಮ್ಯಾಚ್’.

ಮಣಿಪಾಲ, ದಾವಣಗೆರೆ, ಮೈಸೂರು, ಬೆಳಗಾವಿ, ಬೆಂಗಳೂರಿನ ಕಾಲೇಜುಗಳಲ್ಲಿ ಓದಿದ ಹುಡುಗ ಹುಡುಗಿಯರು ಪ್ರತಿ ವರ್ಷ ಈ ಪಟ್ಟಿ ಬರೆಯಲು ಕೂರುತ್ತಾರೆ. ಪರೀಕ್ಷೆಗೆ ಓದುವುದು ಹೇಗೆ, ಸಂದರ್ಶನದಲ್ಲಿ ಮಾತಾಡುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಸಂದರ್ಶನ ಮುಗಿದ ಮೇಲೆ ಯಾವುದನ್ನು ಮೇಲೆ ಬರೆಯಬೇಕು ಎನ್ನುವ ಕಡೆಗೆ ಬಂದರೆ ಸಲಹೆಗಳು ಗೋಜಲಾಗುತ್ತವೆ. ‘ದೊಡ್ಡ ಆಸ್ಪತ್ರೆಯನ್ನು ಮೊದಲು ಬರೆದು ಮೊದಲ ಸ್ಥಾನ ಹಾಳುಮಾಡಿಕೊಳ್ಳಬೇಡ’ ಎಂದು ಒಬ್ಬರು. ‘ಯಾರು ನಿನ್ನನ್ನು ಇಷ್ಟಪಟ್ಟಿದ್ದಾರೋ ಅವರನ್ನೇ ಮೇಲೆ ಹಾಕು’ ಎಂದು ಇನ್ನೊಬ್ಬರು. ಎರಡೂ ತಪ್ಪು. ಎಷ್ಟೋ ಮಕ್ಕಳು ಇಂಥ ಮಾತು ಕೇಳಿ ತಮಗೆ ಬೇಕಾದ ಜಾಗವನ್ನು ತಾವೇ ಕೆಳಗಿಳಿಸುತ್ತಾರೆ. ಆ ಸಂಕಟಕ್ಕಾಗಿಯೇ ಈ ಪ್ರಶ್ನೆಯನ್ನು ಬುಡದಿಂದ ನೋಡಬೇಕು ಅನ್ನಿಸುತ್ತದೆ. ಇಂಟರ್ನಲ್ ಮೆಡಿಸಿನ್‌ಗೆ ಮೂರು ವರ್ಷ, ಜನರಲ್ ಸರ್ಜರಿಗೆ ಐದು, ನ್ಯೂರೋಸರ್ಜರಿಗೆ ಏಳು. ಇಷ್ಟು ವರ್ಷಗಳ ಬದುಕು ಆ ಪಟ್ಟಿಯ ಮೇಲೆ ನಿಂತಿದೆ.

ಈ ಪದ್ಧತಿ ಹುಟ್ಟಿದ್ದೇ ಒಂದು ಅವಾಂತರದಿಂದ. 1940ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಇಂಟರ್ನ್‌ಗಳು ಸಾಲುತ್ತಿರಲಿಲ್ಲ. ಒಳ್ಳೆಯ ವಿದ್ಯಾರ್ಥಿಗಳನ್ನು ಬೇರೆಯವರು ಹಿಡಿಯುವ ಮೊದಲೇ ಹಿಡಿಯಬೇಕೆಂಬ ಪೈಪೋಟಿ ಎಷ್ಟಿತ್ತೆಂದರೆ, ಕೆಲಸ ಶುರುವಾಗುವುದಕ್ಕೆ ಎರಡು ವರ್ಷ ಇರುವಾಗಲೇ ನೇಮಕ ಆಗಿಹೋಗುತ್ತಿತ್ತು. ಗೊತ್ತಾದ ದಿನಕ್ಕಿಂತ ಮುಂಚೆ ವಿದ್ಯಾರ್ಥಿಗಳ ಅಂಕಪಟ್ಟಿಯನ್ನೇ ಹೊರಗೆ ಕೊಡುವುದಿಲ್ಲ ಎಂದು ವೈದ್ಯಕೀಯ ಕಾಲೇಜುಗಳು ಒಗ್ಗಟ್ಟಾದ ಮೇಲೆ ಆ ಓಟ ನಿಂತಿತು. ಆದರೆ ಇನ್ನೊಂದು ತಾಪತ್ರಯ ತಲೆಯೆತ್ತಿತು. ಆಫರ್ ಬಂದ ಮೇಲೆ ಯೋಚಿಸಲು ಎಷ್ಟು ಸಮಯ? 1945ರಲ್ಲಿ ಹತ್ತು ದಿನ. ಮರುವರ್ಷ ಎಂಟು. 1949ರ ಹೊತ್ತಿಗೆ, ನಡುರಾತ್ರಿ 12 ಗಂಟೆ 1 ನಿಮಿಷಕ್ಕೆ ಟೆಲಿಗ್ರಾಂ ತಲುಪಲಿ, ಮಧ್ಯಾಹ್ನ 12ರವರೆಗೆ ಉತ್ತರಿಸಲು ಬಿಡೋಣ ಎಂಬ ಸಲಹೆ ಬಂದರೆ ಆಸ್ಪತ್ರೆಗಳ ಸಂಘ ಅದನ್ನೂ ಒಪ್ಪಲಿಲ್ಲ. ಅವರಿಗೆ ಹನ್ನೆರಡು ಗಂಟೆಯೂ ಹೆಚ್ಚಾಗಿ ಕಂಡಿತು. ಕೈಯಲ್ಲಿರುವ ಎರಡನೇ ದರ್ಜೆಯ ಆಸ್ಪತ್ರೆಗೆ ಹೂಂ ಅನ್ನಬೇಕೋ, ಇನ್ನೂ ಬಾರದ ಮೊದಲ ದರ್ಜೆಯದಕ್ಕೆ ಕಾಯಬೇಕೋ ಎಂದು ಇಪ್ಪತ್ತೈದರ ಹುಡುಗ ಅರೆನಿದ್ರೆಯಲ್ಲಿ ನಿರ್ಧರಿಸಬೇಕಿತ್ತು.

ಎಲ್ಲರ ಪಟ್ಟಿಯನ್ನೂ ಒಂದೇ ಕಡೆ ಸೇರಿಸಿ ಒಂದೇ ಸಲ ಹೊಂದಿಸೋಣ ಎಂಬ ಯೋಚನೆ ಬಂದದ್ದು ಆಗ. 1952ರಲ್ಲಿ ಮೊದಲ ಮ್ಯಾಚ್ ನಡೆಯಿತು. ಅದಕ್ಕೆ ಮುಂಚೆ ನಡೆದ ಒಂದು ಘಟನೆ ನಮ್ಮ ಪ್ರಶ್ನೆಗೆ ನೇರವಾಗಿ ತಾಗುತ್ತದೆ. ಮೊದಲು ಮುಂದಿಟ್ಟಿದ್ದ ಲೆಕ್ಕದ ವಿಧಾನದಲ್ಲಿ, ಸಿಗಲಾರದ ದೊಡ್ಡ ಆಸ್ಪತ್ರೆಯನ್ನು ಮೇಲೆ ಬರೆದವನಿಗೆ ನಿಜವಾಗಿಯೂ ನಷ್ಟವಿತ್ತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಆ ಜಾಗ, ಅದನ್ನೇ ಮೊದಲನೆಯದಾಗಿ ಬರೆದ ಇನ್ನೊಬ್ಬನ ಪಾಲಾಗಿರುತ್ತಿತ್ತು. ಇದನ್ನು ಕಂಡುಹಿಡಿದದ್ದು ವಿದ್ಯಾರ್ಥಿಗಳೇ. ಹಾರ್ವರ್ಡಿನಲ್ಲಿ ಓದುತ್ತಿದ್ದ, ಮುಂದೆ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಬಹಳ ದೊಡ್ಡ ಹೆಸರಾದ ಹಾರ್ಡಿ ಹೆಂಡ್ರನ್ ಮತ್ತು ಅವರ ಗೆಳೆಯರು ದೇಶದುದ್ದಕ್ಕೂ ವಿದ್ಯಾರ್ಥಿಗಳನ್ನು ಸೇರಿಸಿ ಪ್ರತಿಭಟಿಸಿದರು. ವಿಧಾನ ಬದಲಾಯಿತು. ‘ಮೊದಲ ಸ್ಥಾನ ಹಾಳುಮಾಡಿಕೊಳ್ಳಬೇಡ’ ಎಂಬ ಸಲಹೆ ಜಾರಿಗೇ ಬಾರದ ಆ ಹಳೇ ವಿಧಾನಕ್ಕೆ ಮಾತ್ರ ಹೊಂದುವಂಥದ್ದು.

ಹತ್ತು ವರ್ಷದ ನಂತರ, 1962ರಲ್ಲಿ, ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು ಕಾಲೇಜು ಪ್ರವೇಶ ಮತ್ತು ಮದುವೆಗಳ ಹೊಂದಾಣಿಕೆ ಕುರಿತು ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ವೈದ್ಯರ ಮ್ಯಾಚ್ ಆಗಲೇ ಹೆಚ್ಚುಕಡಿಮೆ ಅದೇ ತತ್ವದಲ್ಲಿ ನಡೆಯುತ್ತಿದೆ ಎಂದು ತೋರಿಸಿದ್ದು 1984ರಲ್ಲಿ ಆಲ್ವಿನ್ ರಾತ್. ಆಗಿನ ಲೆಕ್ಕ ಆಸ್ಪತ್ರೆಗಳ ಕಡೆಯಿಂದ ಶುರುವಾಗುತ್ತಿತ್ತು. ರಾತ್ ಮತ್ತು ಎಲಿಯಟ್ ಪೆರಾನ್ಸನ್ ಅದನ್ನು ಅಭ್ಯರ್ಥಿಗಳ ಕಡೆಯಿಂದ ಶುರುವಾಗುವಂತೆ ತಿದ್ದಿದರು. 1998ರಿಂದ ಇದೇ ಜಾರಿಯಲ್ಲಿದೆ. 2012ರಲ್ಲಿ ರಾತ್ ಮತ್ತು ಶಾಪ್ಲಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಲೆಕ್ಕ ನಡೆಯುವ ಬಗೆಯನ್ನು ಒಮ್ಮೆ ಕೈಯಾರೆ ಮಾಡಿ ನೋಡಿದರೆ ಅರ್ಧ ಭಯ ಹೋಗುತ್ತದೆ. ಮೂವರು ಅಭ್ಯರ್ಥಿಗಳು: ದಾವಣಗೆರೆಯ ಹುಡುಗಿ, ಮೈಸೂರಿನ ಹುಡುಗ, ಓಹಾಯೋದ ಹುಡುಗಿ. ಮೂರು ಆಸ್ಪತ್ರೆ, ಒಂದೊಂದರಲ್ಲಿ ಒಂದೇ ಸೀಟು: ಬಾಸ್ಟನ್, ಡೆಟ್ರಾಯ್ಟ್, ಬ್ರೂಕ್ಲಿನ್. ದಾವಣಗೆರೆಯವಳ ಪಟ್ಟಿ ಬಾಸ್ಟನ್, ಡೆಟ್ರಾಯ್ಟ್, ಬ್ರೂಕ್ಲಿನ್. ಮೈಸೂರಿನವನದು ಡೆಟ್ರಾಯ್ಟ್, ಬ್ರೂಕ್ಲಿನ್. ಓಹಾಯೋದವಳದು ಬಾಸ್ಟನ್, ಡೆಟ್ರಾಯ್ಟ್. ಬಾಸ್ಟನ್ ಆಸ್ಪತ್ರೆಗೆ ಓಹಾಯೋದವಳು ಮೇಲು, ದಾವಣಗೆರೆಯವಳು ಆಮೇಲೆ. ಡೆಟ್ರಾಯ್ಟ್‌ಗೆ ದಾವಣಗೆರೆಯವಳೇ ಮೊದಲು, ಮೈಸೂರಿನವನು ಎರಡನೆಯವನು, ಓಹಾಯೋದವಳು ಕೊನೆ. ಬ್ರೂಕ್ಲಿನ್‌ಗೆ ಮೈಸೂರಿನವನೇ ಮೊದಲು.

ಕಂಪ್ಯೂಟರ್ ದಾವಣಗೆರೆಯವಳಿಂದ ಶುರುಮಾಡಿತು ಅನ್ನಿ. ಬಾಸ್ಟನ್ ಕೇಳಿದಳು, ಸೀಟು ಖಾಲಿ ಇದೆ, ಕೂತಳು. ಮೈಸೂರಿನವನು ಡೆಟ್ರಾಯ್ಟ್ ಕೇಳಿದ, ಕೂತ. ಓಹಾಯೋದವಳು ಬಾಸ್ಟನ್ ಕೇಳಿದಳು. ಬಾಸ್ಟನ್‌ಗೆ ಅವಳೇ ಹೆಚ್ಚು ಬೇಕಾದವಳು, ಹಾಗಾಗಿ ದಾವಣಗೆರೆಯವಳು ಎದ್ದಳು. ಎದ್ದವಳು ತನ್ನ ಎರಡನೇ ಸಾಲಿಗೆ ಬಂದು ಡೆಟ್ರಾಯ್ಟ್ ಕೇಳಿದಳು. ಅಲ್ಲಿ ಮೈಸೂರಿನವನು ಕೂತಿದ್ದಾನೆ. ಆದರೆ ಅವನು ಕೂತಿರುವುದು ತಾತ್ಕಾಲಿಕ. ಡೆಟ್ರಾಯ್ಟಿನ ಪಟ್ಟಿಯಲ್ಲಿ ಅವಳು ಮೇಲಿದ್ದಾಳೆ, ಅವನು ಎದ್ದು ಬ್ರೂಕ್ಲಿನ್‌ಗೆ ಹೋದ. ಅಲ್ಲಿ ಜಾಗ ಸಿಕ್ಕಿತು. ಕೇಳುವವರು ಯಾರೂ ಉಳಿಯಲಿಲ್ಲ, ಲೆಕ್ಕ ಮುಗಿಯಿತು.

ದಾವಣಗೆರೆಯವಳು ಡೆಟ್ರಾಯ್ಟನ್ನು ತಡವಾಗಿ ಕೇಳಿದರೂ ಅವಳಿಗೆ ಅದು ಸಿಕ್ಕಿತು. ಬಾಸ್ಟನ್ ಮೊದಲು ಬರೆದದ್ದರಿಂದ ಅವಳು ಕಳೆದುಕೊಂಡದ್ದು ಏನೂ ಇಲ್ಲ. ಹೆದರಿ ಡೆಟ್ರಾಯ್ಟನ್ನೇ ಮೊದಲು ಬರೆದಿದ್ದರೂ ಸಿಗುತ್ತಿದ್ದದ್ದು ಡೆಟ್ರಾಯ್ಟೇ. ಆದರೆ ಓಹಾಯೋದವಳು ಒಂದು ವೇಳೆ ಬೇರೆ ಕಡೆ ಮನಸ್ಸು ಮಾಡಿದ್ದರೆ, ಹೆದರಿ ಬರೆದ ಪಟ್ಟಿಯಿಂದ ಇವಳಿಗೆ ಬಾಸ್ಟನ್ ಕೈತಪ್ಪುತ್ತಿತ್ತು. ಇಷ್ಟೇ ವಿಷಯ. ನೀವು ಯಾವ ಆಸ್ಪತ್ರೆಯನ್ನು ಎಷ್ಟನೆಯದಾಗಿ ಬರೆದಿದ್ದೀರಿ ಎಂಬುದು ಆ ಆಸ್ಪತ್ರೆಗೆ ಕಾಣಿಸುವುದಿಲ್ಲ, ಅವರ ಪಟ್ಟಿಯಲ್ಲಿ ನಿಮ್ಮ ಜಾಗವನ್ನು ಅದು ಬದಲಿಸುವುದೂ ಇಲ್ಲ. ಹಾಗಾಗಿ ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಿ ಕ್ರಮ ಬದಲಿಸುವುದು ವ್ಯರ್ಥ. ಆ ಊಹೆಗೆ ಸುರಿಯುವ ಶ್ರಮವನ್ನೆಲ್ಲ ತನಗೆ ಬೇಕಾದದ್ದು ಏನೆಂದು ಕಂಡುಕೊಳ್ಳಲು ಬಳಸಬೇಕು. ಅದು ಊಹೆಗಿಂತ ಕಷ್ಟದ ಕೆಲಸ.

ಗಣಿತದ ಈ ಭರವಸೆಗೆ ಮಿತಿಗಳಿವೆ. ಪಟ್ಟಿ ಹೇಗಿರಬೇಕೆಂದು ಅದು ಹೇಳುತ್ತದೆ, ಎಷ್ಟು ಉದ್ದವಿರಬೇಕೆಂದು ಹೇಳುವುದಿಲ್ಲ. ಇಲ್ಲಿ ನಮ್ಮ ಮಕ್ಕಳ ಪರಿಸ್ಥಿತಿ ಅಮೆರಿಕದ ವಿದ್ಯಾರ್ಥಿಗಳದಕ್ಕಿಂತ ಬೇರೆ. 2024ರ ಮ್ಯಾಚ್‌ನಲ್ಲಿ ಮೊದಲ ವರ್ಷದ 38,494 ಸೀಟುಗಳಿದ್ದವು. ಅಮೆರಿಕದ ಎಂ.ಡಿ. ಕಾಲೇಜುಗಳ ಕೊನೆಯ ವರ್ಷದವರಲ್ಲಿ ಶೇ. 93.5ರಷ್ಟು ಮಂದಿಗೆ ಜಾಗ ಸಿಕ್ಕಿತು. ಹೊರದೇಶದಲ್ಲಿ ಓದಿದ, ಅಮೆರಿಕದ ಪ್ರಜೆಗಳಲ್ಲದವರಲ್ಲಿ ಸಿಕ್ಕಿದ್ದು ಶೇ. 58.5 ಮಂದಿಗೆ. ಸಂದರ್ಶನ ಎರಡೋ ಮೂರೋ ಸಿಕ್ಕಿದವರು ‘ಇದು ಬೇಡ, ಅದು ಬೇಡ’ ಎಂದು ಪಟ್ಟಿ ಕತ್ತರಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಹಾಗಂತ ಕಣ್ಣುಮುಚ್ಚಿ ಎಲ್ಲವನ್ನೂ ಬರೆಯುವ ಹಾಗೂ ಇಲ್ಲ. ಮ್ಯಾಚ್ ಆದ ಆಸ್ಪತ್ರೆಗೆ ಹೋಗಲೇಬೇಕು, ಅದು ಒಪ್ಪಂದ. ಕಾರಣವಿಲ್ಲದೆ ಮುರಿದರೆ ಮುಂದಿನ ವರ್ಷಗಳ ಮ್ಯಾಚ್‌ನಿಂದಲೇ ಹೊರಗಿಡಬಹುದು. ಆದ್ದರಿಂದ ಮೊದಲ ಸಾಲಿಗೆ ಎಷ್ಟು ತಲೆ ಕೆಡಿಸಿಕೊಳ್ಳುತ್ತೇವೋ ಅಷ್ಟೇ ಕೊನೆಯ ಸಾಲಿಗೂ ಕೆಡಿಸಿಕೊಳ್ಳಬೇಕು. ಅಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇಲ್ಲಿಗೆ ಹೋಗುವುದು ಮೇಲೋ, ಈ ವರ್ಷ ಎಲ್ಲಿಯೂ ಸಿಗದೆ ಉಳಿಯುವುದು ಮೇಲೋ? ಎಂಬಿಬಿಎಸ್ ಮುಗಿಸಿ ವರ್ಷಗಳು ಉರುಳಿದಷ್ಟೂ ಸಂದರ್ಶನಗಳು ಕಡಿಮೆಯಾಗುತ್ತವೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ, ಹೊರದೇಶದವರಲ್ಲಿ ಬಹುಪಾಲು ಮಂದಿ ಸಂದರ್ಶನ ಕೊಟ್ಟ ಎಲ್ಲವನ್ನೂ ಬರೆಯುವುದೇ ವಿವೇಕ ಎಂದು ನನ್ನ ಅಭಿಪ್ರಾಯ. ಅಲ್ಲಿನ ತರಬೇತಿ ಮನುಷ್ಯನನ್ನು ಮುರಿಯುವಂಥದ್ದು ಎಂದು ಸ್ಪಷ್ಟವಾಗಿ ಗೊತ್ತಾಗಿದ್ದರೆ ಮಾತ್ರ ಬಿಡಬೇಕು.

ಸಂದರ್ಶನದ ನಂತರ ಬರುವ ಮೇಲ್‌ಗಳ ಬಗ್ಗೆ ಒಂದು ಮಾತು. ‘ನಿಮ್ಮನ್ನು ನಮ್ಮ ಪಟ್ಟಿಯಲ್ಲಿ ಬಹಳ ಮೇಲೆ ಇಡುತ್ತೇವೆ’ ಎಂದು ಪ್ರೋಗ್ರಾಂ ಡೈರೆಕ್ಟರ್ ಬರೆದರೆ ಯಾರಿಗಾದರೂ ಎದೆ ಹಿಗ್ಗುತ್ತದೆ. ನಿಯಮದ ಪ್ರಕಾರ ಒಬ್ಬರು ಇನ್ನೊಬ್ಬರ ರ‍್ಯಾಂಕ್ ಏನೆಂದು ಕೇಳುವಂತಿಲ್ಲ. ತಾವಾಗಿ ಹೇಳಿದರೆ ಅಡ್ಡಿಯಿಲ್ಲ, ಹೇಳಿದಂತೆ ನಡೆಯಬೇಕೆಂಬ ಕಟ್ಟುಪಾಡೂ ಇಲ್ಲ. ಮೂರನೆಯದಾಗಿ ಇಟ್ಟಿದ್ದ ಆಸ್ಪತ್ರೆಯನ್ನು ಇಂಥ ಒಂದು ಮೇಲ್ ನೋಡಿ ಮೊದಲನೆಯದಕ್ಕೆ ಏರಿಸುವುದು ನನಗೆ ಅತ್ಯಂತ ದುಃಖ ತರುವ ತಪ್ಪು. ಅವರು ನಿಜವಾಗಿಯೂ ನಿಮ್ಮನ್ನು ಮೇಲಿಟ್ಟಿದ್ದರೆ ಮೂರನೇ ಸಾಲಿನಿಂದಲೂ ಅದು ಸಿಗುತ್ತದೆ. ನೀವು ಬರೆಯುವ ಮಾತಿನಲ್ಲಿ ಮಾತ್ರ ಸತ್ಯವಿರಲಿ. ‘ನಿಮ್ಮದೇ ನನ್ನ ಮೊದಲ ಆಯ್ಕೆ’ ಎಂದು ಬರೆಯುವುದಾದರೆ ಒಂದೇ ಜಾಗಕ್ಕೆ ಬರೆಯಬೇಕು.

ಈಗ ಮುಖ್ಯ ಪ್ರಶ್ನೆ. ಯಾವುದು ಒಳ್ಳೆಯ ಜಾಗ?

ಎಲ್ಲರ ಕೈಗೆ ಮೊದಲು ಸಿಗುವ ಅಳತೆ ಹೆಸರು. ಡಾಕ್ಸಿಮಿಟಿ ಎಂಬ ಸಂಸ್ಥೆ 2014ರಿಂದ ರೆಸಿಡೆನ್ಸಿಗಳ ಶ್ರೇಯಾಂಕ ಪ್ರಕಟಿಸುತ್ತಿದೆ. ಅದಕ್ಕೆ ಮುಖ್ಯ ಆಧಾರ ವೈದ್ಯರು ತಮ್ಮ ವಿಭಾಗದಲ್ಲಿ ಒಳ್ಳೆಯವೆಂದು ಹೆಸರಿಸುವ ಆಸ್ಪತ್ರೆಗಳು. ಪ್ರಸಿದ್ಧವಾದದ್ದು ಇನ್ನಷ್ಟು ಪ್ರಸಿದ್ಧವಾಗುವ ಲೆಕ್ಕ ಇದು. ಇದರರ್ಥ ತರಬೇತಿಯ ಗುಣಮಟ್ಟದಲ್ಲಿ ವ್ಯತ್ಯಾಸವೇ ಇಲ್ಲ ಎಂದಲ್ಲ. ವ್ಯತ್ಯಾಸವಿದೆ, ಅದು ರೋಗಿಯ ಮೈಮೇಲೆಯೇ ಕಾಣುತ್ತದೆ. ಡೇವಿಡ್ ಆಶ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಫ್ಲೋರಿಡಾ ಮತ್ತು ನ್ಯೂಯಾರ್ಕ್ ರಾಜ್ಯಗಳ ಹೆರಿಗೆಗಳನ್ನು ತೆಗೆದುಕೊಂಡು, ಹೆರಿಗೆ ಮಾಡಿಸಿದ ವೈದ್ಯರು ಎಲ್ಲಿ ರೆಸಿಡೆನ್ಸಿ ಮಾಡಿದ್ದರು ಎಂದು ಹಿಂದಕ್ಕೆ ಹೋಗಿ ನೋಡಿದರು. ತೊಡಕುಗಳ ಪ್ರಮಾಣದಂತೆ ಪ್ರೋಗ್ರಾಂಗಳನ್ನು ಜೋಡಿಸಿದಾಗ, ಕೆಳಗಿನ ಐದನೇ ಒಂದು ಭಾಗದಲ್ಲಿ ಕಲಿತವರ ಕೈಯಲ್ಲಿ ತಾಯಂದಿರಿಗೆ ದೊಡ್ಡ ತೊಡಕುಗಳು ಆದದ್ದು ಶೇ. 13.6, ಮೇಲಿನ ಐದನೇ ಒಂದು ಭಾಗದಲ್ಲಿ ಕಲಿತವರಲ್ಲಿ ಶೇ. 10.3. ವೈದ್ಯರ ಪರೀಕ್ಷಾ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರ ಅಳಿಸಿಹೋಗಲಿಲ್ಲ. ಜಾಣರು ಒಳ್ಳೆಯ ಕಡೆ ಸೇರಿದ್ದರು ಎಂಬ ಕಾರಣವೊಂದೇ ಸಾಲದು, ಕಲಿತ ಜಾಗವೂ ಕೈಯನ್ನು ತಿದ್ದಿರಬೇಕು. 2014ರ ಇನ್ನೊಂದು ಅಧ್ಯಯನದಲ್ಲಿ, ರೋಗಿಗಳ ಮೇಲೆ ಹೆಚ್ಚು ಖರ್ಚು ಮಾಡುವ ಪ್ರದೇಶಗಳಲ್ಲಿ ತರಬೇತಾದವರು ಬೇರೆಡೆ ಹೋದ ಮೇಲೂ ಹೆಚ್ಚು ಖರ್ಚು ಮಾಡುವುದು ಕಂಡಿತು. ವರ್ಷಗಳು ಕಳೆದಂತೆ ಮಾತ್ರ ಆ ಅಭ್ಯಾಸ ಮಸುಕಾಗುತ್ತಿತ್ತು. ಮೂರು ವರ್ಷದಲ್ಲಿ ಕೈಗೆ ಹತ್ತಿದ್ದು ಮುಂದೆ ಹಲವು ವರ್ಷ ಉಳಿಯುತ್ತದೆ.

ಹಾಗಾದರೆ ಹೆಸರು ಬಿಟ್ಟು ಏನು ನೋಡಬೇಕು? ಇಂಟರ್ನಲ್ ಮೆಡಿಸಿನ್ ಪ್ರೋಗ್ರಾಂಗಳ ಬೋರ್ಡ್ ಪರೀಕ್ಷೆಯ ಉತ್ತೀರ್ಣ ಪ್ರಮಾಣ ಸಾರ್ವಜನಿಕವಾಗಿ ಸಿಗುತ್ತದೆ, ಮೊದಲು ಅದನ್ನು ನೋಡಿ. ಸರ್ಜರಿಯಾದರೆ ಕತ್ತಿ ಹಿಡಿಯುವ ಅವಕಾಶ. ಜನರಲ್ ಸರ್ಜರಿ ಮುಗಿಸಲು ಐದು ವರ್ಷದಲ್ಲಿ ಕನಿಷ್ಠ 850 ಶಸ್ತ್ರಚಿಕಿತ್ಸೆಗಳಾಗಬೇಕು, ಅದರಲ್ಲಿ 200 ಕೊನೆಯ ವರ್ಷದಲ್ಲಿ. ಸಂಖ್ಯೆ ಎಲ್ಲ ಕಡೆಯೂ ಮುಟ್ಟುತ್ತದೆ. ಆ ಶಸ್ತ್ರಚಿಕಿತ್ಸೆಗಳಲ್ಲಿ ರೆಸಿಡೆಂಟ್ ಮಾಡಿದ್ದೇನು, ರೆಸಿಡೆನ್ಸಿ ಮುಗಿಸಿ ಮುಂದಿನ ತರಬೇತಿಯಲ್ಲಿರುವ ಫೆಲೋ ಮಾಡುವಾಗ ಪಕ್ಕದಲ್ಲಿ ನಿಂತದ್ದೆಷ್ಟು ಎಂಬುದು ಅಲ್ಲಿನವರನ್ನು ಕೇಳಿದರೆ ಮಾತ್ರ ತಿಳಿಯುತ್ತದೆ. ಹೃದ್ರೋಗ, ಜಠರ ವಿಭಾಗಗಳ ಫೆಲೋಶಿಪ್ ಕನಸಿದ್ದವರು, ಕಳೆದ ಮೂರ್ನಾಲ್ಕು ವರ್ಷ ಅಲ್ಲಿಂದ ಹೊರಬಂದವರು ಎಲ್ಲಿಗೆ ಹೋದರು ಎಂಬ ಪಟ್ಟಿ ನೋಡಬೇಕು. ಅದರಲ್ಲೂ ನಮ್ಮ ಹಾಗೆ ಹೊರದೇಶದಿಂದ ಬಂದವರು ಎಲ್ಲಿಗೆ ಹೋದರು ಎಂಬುದನ್ನು.

ಇದೆಲ್ಲದಕ್ಕಿಂತ ಹೆಚ್ಚಿನ ತೂಕವನ್ನು ನಾನು ಕೊಡುವುದು ಅಲ್ಲಿನ ರೆಸಿಡೆಂಟ್‌ಗಳ ದಿನಚರಿಗೆ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಜಯಾನ್ ಎಂಬ ಹದಿನೆಂಟರ ವಿದ್ಯಾರ್ಥಿನಿ ತೀರಿಕೊಂಡಳು. ಅವಳನ್ನು ನೋಡಿಕೊಳ್ಳುತ್ತಿದ್ದ ಎಳೆಯ ವೈದ್ಯರ ಎಡೆಬಿಡದ ದುಡಿತ, ಮೇಲಿನವರ ಗೈರುಹಾಜರಿ ಆಗ ದೊಡ್ಡ ಚರ್ಚೆಯಾಯಿತು. ಅವಳ ತಂದೆಯ ಹೋರಾಟದಿಂದ ಮೊದಲು ನ್ಯೂಯಾರ್ಕ್ ರಾಜ್ಯದಲ್ಲಿ, 2003ರಲ್ಲಿ ಇಡೀ ದೇಶದಲ್ಲಿ, ವಾರಕ್ಕೆ ಎಂಬತ್ತು ಗಂಟೆಯ ಮಿತಿ ಬಂತು. ಎಂಬತ್ತು ಗಂಟೆ ಎಂದರೆ ನಾಲ್ಕು ವಾರದ ಸರಾಸರಿ. ಒಂದೇ ಸಲಕ್ಕೆ 24 ಗಂಟೆ, ರೋಗಿಗಳನ್ನು ಮುಂದಿನವರಿಗೆ ಒಪ್ಪಿಸಲು ಮೇಲೆ ನಾಲ್ಕು ಗಂಟೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹೌಸ್ ಸರ್ಜನ್ ಆಗಿ ದುಡಿದವರಿಗೆ ಇದು ದೊಡ್ಡದೆನಿಸದೆ ಇರಬಹುದು. ಆದರೆ ಕಾಗದದ ಮೇಲಿನ ಎಂಬತ್ತು ಎಲ್ಲ ಕಡೆಯೂ ಒಂದೇ, ವಾರ್ಡಿನ ಎಂಬತ್ತು ಒಂದೊಂದು ಕಡೆ ಒಂದೊಂದು ಥರ. ಶ್ರೀಜನ್ ಸೇನ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮುನ್ನಡೆಸುತ್ತಿರುವ ಇಂಟರ್ನ್‌ಗಳ ಅಧ್ಯಯನದ 2010ರ ವರದಿಯಂತೆ, ಖಿನ್ನತೆಯ ಲಕ್ಷಣಗಳಿದ್ದವರು ಕೆಲಸಕ್ಕೆ ಸೇರುವ ಮುಂಚೆ ಶೇ. 3.9, ಸೇರಿದ ಮೇಲೆ ಆ ವರ್ಷದ ಸರಾಸರಿ ಶೇ. 25.7. ಮುಂದೆ ಇದೇ ಜಾಡಿನಲ್ಲಿ ಇಂಟರ್ನಲ್ ಮೆಡಿಸಿನ್ ಪ್ರೋಗ್ರಾಂಗಳನ್ನು ಹೋಲಿಸಿದಾಗ, ಹೆಚ್ಚು ಗಂಟೆಗಳ ದುಡಿತ, ಹಿರಿಯರಿಂದ ಸಕಾಲಕ್ಕೆ ತಿದ್ದುವ ಮಾತು ಸಿಗದಿರುವುದು ಇವುಗಳ ಜೊತೆಗೆ ಸಂಸ್ಥೆಯ ಸಂಶೋಧನಾ ಶ್ರೇಯಾಂಕ ಹೆಚ್ಚಿದ್ದ ಕಡೆಯೂ ಖಿನ್ನತೆ ಹೆಚ್ಚಿತ್ತು. ಹೆಸರನ್ನೊಂದೇ ನೋಡಿ ಮೊದಲ ಸಾಲು ತುಂಬುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ದಿನಚರಿ ತಿಳಿಯುವುದು ಎಲ್ಲಿಂದ? 2020ರ ಕೋವಿಡ್ ಕಾಲದಿಂದ ಸಂದರ್ಶನಗಳು ಬಹುಪಾಲು ಜೂಮ್‌ಗೆ ಬಂದಿವೆ. ವಿಮಾನದ ಖರ್ಚು, ವೀಸಾದ ಓಡಾಟ ತಪ್ಪಿದ್ದು ನಮ್ಮವರಿಗೆ ದೊಡ್ಡ ಉಪಕಾರ. ಆದರೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಬೆಳಗಿನ ಏಳಕ್ಕೆ ಡ್ಯೂಟಿ ಮುಗಿಸಿ ಬರುವವರ ಮುಖ ನೋಡುವ ಅವಕಾಶ ಹೋಯಿತು. ಉಳಿದಿರುವುದು ಸಂದರ್ಶನದ ಹಿಂದಿನ ಸಂಜೆ ರೆಸಿಡೆಂಟ್‌ಗಳ ಜೊತೆ ನಡೆಯುವ ಮಾತುಕತೆ. ಅಧ್ಯಾಪಕರು ಇರದ ಆ ಒಂದು ಗಂಟೆಯನ್ನು ‘ಇಲ್ಲಿ ಹೇಗಿದೆ?’ ಎಂದು ಕೇಳಿ ಕಳೆಯಬಾರದು. ಹಾಗೆ ಕೇಳಿದರೆ ‘ಒಂದು ಕುಟುಂಬದ ಹಾಗಿದ್ದೇವೆ’ ಎಂಬ ಉತ್ತರ ಬರುತ್ತದೆ. ಹಿಂದಿನ ಸಲದ ನೈಟ್ ಡ್ಯೂಟಿಯಲ್ಲಿ ನಿಮ್ಮ ಕೈಯಲ್ಲಿ ಎಷ್ಟು ರೋಗಿಗಳಿದ್ದರು? ಒಬ್ಬರ ಬಿ.ಪಿ. ಕುಸಿದಾಗ ಯಾರಿಗೆ ಫೋನ್ ಮಾಡಿದಿರಿ, ಅವರು ಹಾಸಿಗೆಯ ಹತ್ತಿರ ಬಂದರಾ, ಫೋನಿನಲ್ಲೇ ಹೇಳಿದರಾ? ರಕ್ತ ತೆಗೆಯುವುದು, ರೋಗಿಯನ್ನು ಸ್ಕ್ಯಾನ್‌ಗೆ ತಳ್ಳಿಕೊಂಡು ಹೋಗುವುದು ಯಾರ ಕೆಲಸ? ಜ್ವರ ಬಂದು ಮಲಗಿದಾಗ ನಿಮ್ಮ ಡ್ಯೂಟಿ ಯಾರು ಮಾಡಿದರು, ಆಮೇಲೆ ಅದನ್ನು ತೀರಿಸಬೇಕಾಯಿತಾ? ಗಂಟೆ ಮೀರಿದಾಗ ಇದ್ದದ್ದನ್ನು ಇದ್ದ ಹಾಗೆ ಬರೆಯಲು ಬಿಡುತ್ತಾರಾ? ಮಧ್ಯದಲ್ಲಿ ಬಿಟ್ಟುಹೋದವರಿದ್ದಾರಾ? ಉತ್ತರದಷ್ಟೇ, ಉತ್ತರಕ್ಕೆ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದನ್ನೂ ಗಮನಿಸಬೇಕು. ಆಮೇಲೆ, ನಿಮ್ಮದೇ ಕಾಲೇಜಿನಿಂದ ಅಲ್ಲಿಗೆ ಹೋದ ಸೀನಿಯರ್ ಇದ್ದರೆ ಕನ್ನಡದಲ್ಲೇ ಫೋನ್ ಮಾಡಿ ಕೇಳಿ. ‘ತಂಗಿ ಆಗಿದ್ದರೆ ಇಲ್ಲಿಗೆ ಬಾ ಅಂತೀರಾ ಅಣ್ಣಾ?’ ಎಂಬ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುವುದು ಯಾರಿಗೂ ಕಷ್ಟ.

ಆಸ್ಪತ್ರೆಯ ಹಣಕಾಸು ಯಾರೂ ನೋಡದ ಸಂಗತಿ. 2019ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದ ಹಾನಿಮನ್ ವಿಶ್ವವಿದ್ಯಾಲಯ ಆಸ್ಪತ್ರೆ ದಿವಾಳಿ ಎದ್ದು ಮುಚ್ಚಿತು. ಅಲ್ಲಿ ಕಲಿಯುತ್ತಿದ್ದ ಐನೂರಕ್ಕೂ ಹೆಚ್ಚು ರೆಸಿಡೆಂಟ್ ಮತ್ತು ಫೆಲೋಗಳು ವಾರಗಳೊಳಗೆ ಬೇರೆ ಜಾಗ ಹುಡುಕಬೇಕಾಯಿತು. ಅವರ ತರಬೇತಿ ಸೀಟುಗಳನ್ನೇ ಆಸ್ತಿಯ ಹಾಗೆ ಹರಾಜಿಗಿಟ್ಟು 5.5 ಕೋಟಿ ಡಾಲರಿಗೆ ಮಾರಲು ಹೊರಟಿದ್ದರು, ಕೇಂದ್ರ ಸರ್ಕಾರ ವಿರೋಧಿಸಿತು. ವೀಸಾದ ಮೇಲೆ ಇದ್ದವರ ಪಾಡು ಹೇಳತೀರದು, ಕೆಲಸ ಹೋದರೆ ದೇಶದಲ್ಲಿ ಉಳಿಯುವ ಹಕ್ಕೂ ಹೋಗುತ್ತದೆ. ಆಸ್ಪತ್ರೆ ಈಚೆಗೆ ಯಾರ ಕೈ ಸೇರಿದೆ, ವಿಭಾಗಗಳನ್ನು ಮುಚ್ಚುತ್ತಿದೆಯೇ ಎಂದು ಸ್ಥಳೀಯ ಪತ್ರಿಕೆಗಳನ್ನು ತಿರುವಿದರೆ ಗೊತ್ತಾಗುತ್ತದೆ. ಸಂಬಳದ ವಿಷಯವನ್ನೂ ಕೇಳಲು ಸಂಕೋಚ ಬೇಡ. 2023ರ ಮೇ ತಿಂಗಳಲ್ಲಿ ಕ್ವೀನ್ಸ್‌ನ ಎಲ್ಮ್‌ಹರ್ಸ್ಟ್ ಆಸ್ಪತ್ರೆಯ ರೆಸಿಡೆಂಟ್‌ಗಳು ಮೂರು ದಿನ ಮುಷ್ಕರ ಹೂಡಿದರು. ಅವರಲ್ಲಿ ಬಹಳಷ್ಟು ಜನ ಹೊರದೇಶದಲ್ಲಿ ಓದಿದವರು. ಇವರನ್ನು ನೇಮಿಸಿಕೊಂಡಿದ್ದ ಮೌಂಟ್ ಸೈನೈ ಸಂಸ್ಥೆಯದೇ ಮ್ಯಾನ್‌ಹಟನ್ ಆಸ್ಪತ್ರೆಯಲ್ಲಿದ್ದವರಿಗಿಂತ ಇವರಿಗೆ ಸಂಬಳ ಕಡಿಮೆ ಇತ್ತು. ಮುಷ್ಕರದ ಕೊನೆಗೆ ಮೂರು ವರ್ಷದಲ್ಲಿ ಶೇ. 18ರ ಏರಿಕೆ ಸಿಕ್ಕಿತು. ರೆಸಿಡೆಂಟ್‌ಗಳ ಸಂಘ ಇರುವ ಕಡೆ ಇಂಥ ಮಾತು ಎತ್ತಲು ಧೈರ್ಯವಿರುತ್ತದೆ.

ವೀಸಾ ನಮ್ಮವರ ಪಟ್ಟಿಯನ್ನು ಉಳಿದೆಲ್ಲಕ್ಕಿಂತ ಹೆಚ್ಚು ಅಲುಗಾಡಿಸುವ ಸಂಗತಿ. ಹೆಚ್ಚಿನ ಆಸ್ಪತ್ರೆಗಳು ಕೊಡುವುದು ಜೆ-1. ಅದರಲ್ಲಿ ಏಳು ವರ್ಷದವರೆಗೆ ತರಬೇತಿ ಪಡೆಯಬಹುದು, ಆದರೆ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಇಲ್ಲವೇ 1994ರಿಂದ ಇರುವ ಕಾನ್ರಡ್ ಯೋಜನೆಯಂತೆ ವೈದ್ಯರ ಕೊರತೆ ಇರುವ ಊರಿನಲ್ಲಿ ಮೂರು ವರ್ಷ ಕೆಲಸ ಮಾಡಿ ಆ ಷರತ್ತಿನಿಂದ ಬಿಡುಗಡೆ ಪಡೆಯಬೇಕು. ಒಂದೊಂದು ರಾಜ್ಯಕ್ಕೆ ವರ್ಷಕ್ಕೆ ಇಂಥ 30 ಜಾಗ. ಎಚ್-1ಬಿ ಕೊಡುವ ಆಸ್ಪತ್ರೆಗಳು ಕಡಿಮೆ, ಅದಕ್ಕೆ ಅಮೆರಿಕದ ವೈದ್ಯ ಪರವಾನಗಿಯ ಕೊನೆಯ ಪರೀಕ್ಷೆಯಾದ ಸ್ಟೆಪ್ 3 ಮೊದಲೇ ಮುಗಿದಿರಬೇಕು. ಅದರ ಅವಧಿ ಆರು ವರ್ಷ, ಮೂರು ವರ್ಷದ ಮೆಡಿಸಿನ್ ಜೊತೆ ಮೂರು ವರ್ಷದ ಫೆಲೋಶಿಪ್ ಸೇರಿದರೆ ಅಲ್ಲಿಗೆ ಮುಗಿಯಿತು. ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತೀಯರ ಕಾಯುವಿಕೆ ಬಹಳ ಉದ್ದ ಇರುವುದರಿಂದ ಹಲವರು ಎಚ್-1ಬಿ ಕೊಡುವ ಚಿಕ್ಕ ಆಸ್ಪತ್ರೆಯನ್ನು ಜೆ-1 ಕೊಡುವ ದೊಡ್ಡದಕ್ಕಿಂತ ಮೇಲೆ ಬರೆಯುತ್ತಿದ್ದರು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲೆ ಆ ಲೆಕ್ಕ ತಲೆಕೆಳಗಾಯಿತು. ಜೆ-1 ಕೂಡ ನಿಶ್ಚಿಂತೆಯದಲ್ಲ. ಅದೇ ವರ್ಷ ಮೇ ಕೊನೆಯಿಂದ ಕೆಲವು ವಾರ ವೀಸಾ ಸಂದರ್ಶನದ ಹೊಸ ದಿನಾಂಕಗಳನ್ನೇ ನಿಲ್ಲಿಸಿದ್ದರಿಂದ, ಜುಲೈಗೆ ಡ್ಯೂಟಿಗೆ ಹಾಜರಾಗಬೇಕಾದವರು ಊರಲ್ಲೇ ಚಡಪಡಿಸಿದರು. ನಾಲ್ಕು ತಿಂಗಳಿಗೊಮ್ಮೆ ಬದಲಾಗುವ ನಿಯಮದ ಮೇಲೆ ಮೂರು ವರ್ಷದ ತರಬೇತಿಯನ್ನು ನಿಲ್ಲಿಸಬಾರದು ಎಂಬುದು ನನ್ನ ನಿಲುವು. ಎರಡು ಜಾಗ ಉಳಿದೆಲ್ಲದರಲ್ಲಿ ಸಮ ಎನಿಸಿದಾಗ ವೀಸಾ ನೋಡಿ ನಿರ್ಧರಿಸಿ. ಈಗಾಗಲೇ ಮನೆಮಂದಿ ಅಲ್ಲಿ ನೆಲೆಸಿದ್ದು ವಾಪಸು ಬರುವ ಹಾಗೇ ಇಲ್ಲದವರಿಗೆ ಮಾತ್ರ ಲೆಕ್ಕ ಬೇರೆ.

ಗಂಡ ಹೆಂಡತಿ ಇಬ್ಬರೂ ವೈದ್ಯರಾದರೆ ಜೋಡಿಯಾಗಿ ಪಟ್ಟಿ ಕೊಡಬಹುದು. ಅವಳಿಗೆ ಇದು, ಅವನಿಗೆ ಅದು ಎಂದು ಜೋಡಿ ಜೋಡಿಯಾಗಿ ಮುನ್ನೂರರವರೆಗೆ ಸಾಲುಗಳು. ಕೊನೆಯಲ್ಲಿ ‘ಒಬ್ಬರಿಗೆ ಸೀಟು, ಇನ್ನೊಬ್ಬರಿಗೆ ಇಲ್ಲ’ ಎಂಬ ಸಾಲನ್ನೂ ಬರೆಯಬಹುದು. ಯಾರಿಗೆ ಮೊದಲು ಎಂಬ ಆ ಮಾತನ್ನು ಮನೆಯೊಳಗೆ ಬಾಯಿಬಿಟ್ಟು ಆಡಲೇಬೇಕು, ಮೌನವಾಗಿ ಹೆಂಡತಿಯ ಪಾಲಿಗೆ ತಳ್ಳಬಾರದು. ಊರು, ಚಳಿ, ಹತ್ತಿರದಲ್ಲಿ ನೆಂಟರು, ಕನ್ನಡ ಕೂಟ, ಅಪ್ಪ ಅಮ್ಮನಿಗೆ ಹುಷಾರಿಲ್ಲದಾಗ ಬೆಂಗಳೂರಿಗೆ ಹಾರಲು ಎಷ್ಟು ಹೊತ್ತು ಇವೆಲ್ಲ ಸಣ್ಣ ಕಾರಣಗಳು ಎಂದು ನಾಚಿಕೊಳ್ಳುವವರಿದ್ದಾರೆ. ನನಗೆ ಅವು ಸಣ್ಣವಾಗಿ ಕಾಣುವುದಿಲ್ಲ. ವಾರಕ್ಕೊಂದು ದಿನದ ರಜೆಯಲ್ಲಿ ಬಾಗಿಲು ತಟ್ಟಲು ಒಂದು ಮನೆ ಇರುವುದು ಮೊದಲ ವರ್ಷದ ಇಂಟರ್ನ್‌ಗೆ ದೊಡ್ಡ ಆಸರೆ.

ಕ್ರಮ ಹಚ್ಚುವ ವಿಧಾನದ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಪ್ರತಿ ಸಂದರ್ಶನದ ದಿನ ರಾತ್ರಿಯೇ ಒಂದು ಪುಟ ಬರೆದಿಡಿ. ಹದಿನೈದು ಸಂದರ್ಶನ ಆದ ಮೇಲೆ ಅಕ್ಟೋಬರಿನ ಆಸ್ಪತ್ರೆ ಮಸುಕಾಗಿ, ಜನವರಿಯದು ಮಾತ್ರ ಹೊಳೆಯುತ್ತಿರುತ್ತದೆ. ಎಕ್ಸೆಲ್ ಹಾಳೆಯಲ್ಲಿ ಅಂಶಗಳಿಗೆ ಅಂಕ ಕೊಟ್ಟು ಕೂಡುವುದು ಹಲವರ ರೂಢಿ. ನೆನಪಿಗೆ ಅದು ಒಳ್ಳೆಯದು, ತೀರ್ಪಿಗೆ ಸಾಲದು, ಏಕೆಂದರೆ ಒಂದು ಅಂಶಕ್ಕೆ ಹತ್ತು ಅಂಕ ಇನ್ನೊಂದಕ್ಕೆ ಐದು ಎಂದು ಗೊತ್ತುಮಾಡಿದವರೂ ನೀವೇ. ಅದರ ಬದಲು ಎರಡೆರಡು ಆಸ್ಪತ್ರೆಗಳನ್ನು ಎದುರು ಬದುರು ಇಟ್ಟು ‘ಎರಡರಲ್ಲೂ ಕರೆದರೆ ಯಾವುದಕ್ಕೆ ಹೋಗುತ್ತೇನೆ?’ ಎಂದು ಕೇಳುತ್ತಾ ಬಂದರೆ ಪಟ್ಟಿ ತಾನೇ ಕಟ್ಟಿಕೊಳ್ಳುತ್ತದೆ. ಯಾವ ಜೋಡಿಯಲ್ಲಿ ಉತ್ತರ ಬರುವುದಿಲ್ಲವೋ ಅಲ್ಲಿಯ ರೆಸಿಡೆಂಟ್‌ಗಳಿಗೆ ಇನ್ನೊಂದು ಫೋನ್ ಮಾಡಬೇಕು.

ಕೊನೆಯ ಗಡುವು ಸಾಮಾನ್ಯವಾಗಿ ಅಮೆರಿಕದ ಪೂರ್ವ ಕರಾವಳಿಯ ರಾತ್ರಿ ಒಂಬತ್ತು. ನಮ್ಮಲ್ಲಿ ಮರುದಿನ ಬೆಳಗಿನ ಏಳೂವರೆ. ಪಟ್ಟಿಯನ್ನು ಬರೆದರಷ್ಟೇ ಸಾಲದು, ‘ಸರ್ಟಿಫೈ’ ಮಾಡಬೇಕು, ಆಮೇಲೆ ಒಂದು ಸಾಲು ಬದಲಿಸಿದರೂ ಮತ್ತೆ ಸರ್ಟಿಫೈ ಮಾಡಬೇಕು. ಗಡುವಿನ ದಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ ಮಾತಿಗೆ ಕ್ರಮ ತಿದ್ದುವುದಕ್ಕಿಂತ ಎರಡು ದಿನ ಮುಂಚೆಯೇ ಮುಗಿಸಿಬಿಡುವುದು ಕ್ಷೇಮ. ಮ್ಯಾಚ್ ವಾರದ ಸೋಮವಾರ ಬರುವ ಮೇಲ್‌ನಲ್ಲಿ ಸೀಟು ಸಿಕ್ಕಿತೋ ಇಲ್ಲವೋ ಎಂದಷ್ಟೇ ಇರುತ್ತದೆ, ಎಲ್ಲಿ ಎಂಬುದು ಶುಕ್ರವಾರ, ನಮ್ಮ ಸಮಯ ರಾತ್ರಿ ಒಂಬತ್ತೂವರೆಗೆ. ಸಿಗದವರಿಗೆ ಅದೇ ವಾರ ಸೋಪ್ ಎಂಬ ಇನ್ನೊಂದು ಸುತ್ತು ಇದೆ. ಉಳಿದ ಸೀಟುಗಳಲ್ಲಿ 45ರವರೆಗೆ ಅರ್ಜಿ ಹಾಕಬಹುದು. ಅಲ್ಲಿ ಬರುವ ಆಫರಿಗೆ ಉತ್ತರಿಸಲು ಇರುವುದು ಎರಡೇ ಗಂಟೆ. ಅಷ್ಟು ಹೊತ್ತಿನಲ್ಲಿ ಹೊಸ ಆಸ್ಪತ್ರೆಯೊಂದನ್ನು ತೂಗಿ ನೋಡಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ರ‍್ಯಾಂಕ್ ಪಟ್ಟಿ ಬರೆಯುವಾಗಲೇ ಇನ್ನೊಂದು ಹಾಳೆಯಲ್ಲಿ, ಮೆಡಿಸಿನ್ ಸಿಗದಿದ್ದರೆ ಫ್ಯಾಮಿಲಿ ಮೆಡಿಸಿನ್ ಒಪ್ಪುತ್ತೇನೆಯೇ, ಒಂದೇ ವರ್ಷದ ಪ್ರಿಲಿಮಿನರಿ ಸೀಟಿಗೆ ಹೋಗುತ್ತೇನೆಯೇ, ಯಾವ ರಾಜ್ಯಗಳಿಗೆ ಹೋಗಲಾರೆ ಎಂದು ಬರೆದು ಮನೆಯವರಿಗೂ ಓದಿ ಹೇಳಿ ಇಟ್ಟಿರಿ. ಪಾಸ್‌ಪೋರ್ಟಿನ ಅವಧಿ ನೋಡಿಕೊಳ್ಳಿ, ಪದವಿ ಪ್ರಮಾಣಪತ್ರಗಳ ಪ್ರತಿ ಸಿದ್ಧವಿರಲಿ, ಆ ವಾರ ರಾತ್ರಿ ಹೊತ್ತು ಫೋನ್ ತೆಗೆದುಕೊಳ್ಳುವ ಹಾಗಿರಿ.